ಬಟಾಣಿಯ ಲೆಕ್ಕ ಮಾತ್ರ ಸಾಕೇ?

ಮೆಂಡಲನ ಬಟಾಣಿ ಪಾಠ ನೀವೆಲ್ಲ ಕಲಿತದ್ದೇ. ಬೀಜದ ಬಣ್ಣದ ಹಂಚಿಕೆಗೂ ಆಕಾರದ ಹಂಚಿಕೆಗೂ ಸಂಬಂಧ ಇಲ್ಲ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಎಲ್ಲ ಜೀನುಗಳೂ ಹೀಗೆ ಬೇರೆ ಬೇರೆಯಾಗಿ ಹೋಗುವುದಿಲ್ಲ. ಇದನ್ನೂ ಮಕ್ಕಳು ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಎಂತಕ್ಕೆಂದರೆ ಅದರಲ್ಲಿ ಜೀವದ ಪ್ರಶ್ನೆ ಉಂಟು.

ನಮ್ಮ 6ನೇ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಜೀನುಗಳು ಒತ್ತೊತ್ತಾಗಿ ಇವೆ. ದೇಹದ್ದು ಯಾವುದು, ಹೊರಗಿನದ್ದು ಯಾವುದು ಎಂದು ಗುರುತಿಸಲು ರೋಗನಿರೋಧಕ ವ್ಯವಸ್ಥೆಗೆ ಇವು ಬೇಕು. ಒಂದೊಂದು ಜೀನಿಗೂ ನೂರಾರು, ಸಾವಿರಾರು ಮಾದರಿಗಳಿವೆ. ರಕ್ತದ ಕ್ಯಾನ್ಸರ್ ಅಥವಾ ಥಲಸ್ಸೀಮಿಯಾ ಇರುವ ಮಗುವಿಗೆ ಇನ್ನೊಬ್ಬರ ಆಕರಕೋಶ ಕಸಿ ಮಾಡುವಾಗ ಮುಖ್ಯವಾಗಿ ಇಂಥ 5 ಜೀನುಗಳು ಹೊಂದಬೇಕು. ರಕ್ತದ ಗುಂಪು ಒಂದೇ ಆದರೆ ಸಾಲದು.

ಈಗ ಲೆಕ್ಕ ಹಾಕಿ. ಒಂದೊಂದು ಜೀನಿನಲ್ಲಿ ಅಣ್ಣ-ತಂಗಿ ಹೊಂದುವ ಸಾಧ್ಯತೆ 4ರಲ್ಲಿ 1. ಐದೂ ಸ್ವತಂತ್ರವಾಗಿ ಹಂಚಿಹೋಗಿದ್ದರೆ 1024ರಲ್ಲಿ 1 ಆಗುತ್ತಿತ್ತು! ಆದರೆ ಅವು ಹತ್ತಿರ ಇರುವುದರಿಂದ ಹೆಚ್ಚಾಗಿ ಒಂದೇ ಕಟ್ಟಾಗಿ ಮಕ್ಕಳಿಗೆ ಬರುತ್ತವೆ. ಹಾಗಾಗಿ ಸಾಧ್ಯತೆ 4ರಲ್ಲಿ 1 ಆಗಿಯೇ ಉಳಿಯುತ್ತದೆ. ಇದೇ ಜೀನುಗಳ ಸಹಲಗ್ನತೆ.

ಅಜ್ಜಿಯ ಕಾಲದ ಮನೆಯಲ್ಲಿ 5 ಮಂದಿ ಒಡಹುಟ್ಟಿದವರಿದ್ದರೆ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು 76 ಶೇಕಡಾ. ಈಗ ಒಬ್ಬ ತಮ್ಮ ಮಾತ್ರ ಇದ್ದರೆ 25. ಅರ್ಧ ಹೊಂದಾಣಿಕೆಯ ಕಸಿಯೂ ಈಗ ಉಂಟು, ಆದರೂ ಪೂರ್ತಿ ಹೊಂದುವ ದಾನಿಯನ್ನು ವೈದ್ಯರು ಹುಡುಕಿಯೇ ಹುಡುಕುತ್ತಾರೆ.

ಮನೆಯಲ್ಲಿ ಸಿಗದಿದ್ದರೆ? ಈ ಕಟ್ಟುಗಳಲ್ಲಿ ಕೆಲವು ಒಂದು ಜನಸಮುದಾಯದಲ್ಲಿ ಸಾಮಾನ್ಯ, ಇನ್ನೊಂದರಲ್ಲಿ ಅಪರೂಪ. ಜರ್ಮನಿಯಲ್ಲಿ ಲಕ್ಷಗಟ್ಟಲೆ ದಾನಿಗಳು ಹೆಸರು ಬರೆಸಿದ್ದರೂ ಕಾಸರಗೋಡಿನ ಮಗುವಿಗೆ ಹೊಂದುವವರು ಅಲ್ಲಿ ಸಿಗುವುದು ಕಷ್ಟ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಂದು ಇಷ್ಟು ಭಾಷೆಯವರು ಕೂಡಿ ಬಾಳುವ ನಮ್ಮ ಜಿಲ್ಲೆಯಿಂದ ಎಲ್ಲ ಸಮುದಾಯದವರೂ ದಾನಿಗಳ ಪಟ್ಟಿಯಲ್ಲಿ ಇರಬೇಕು. ಇದರಲ್ಲಿ ಮೇಲು-ಕೀಳಿನ ಮಾತೇ ಇಲ್ಲ. ಪಟ್ಟಿಯಲ್ಲಿ ವೈವಿಧ್ಯ ಹೆಚ್ಚಿದಷ್ಟೂ ರೋಗಿಗಳಿಗೆ ಆಸರೆ.

ಚೆನ್ನೈಯಲ್ಲಿ 2009ರಲ್ಲಿ ಶುರುವಾದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಇಂಥ ಪಟ್ಟಿ ಇಟ್ಟಿವೆ. 18 ತುಂಬಿದ ಆರೋಗ್ಯವಂತರು ಸೇರಬಹುದು. ಮೊದಲಿಗೆ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಆಯಿತು.

ಆದರೆ ಗೆಳೆಯರು ಬರೆಸಿದರೆಂದು ನೀವೂ ಹೆಸರು ಬರೆಸಬೇಡಿ. ಕಸಿಗೆ ಮೊದಲು ರೋಗಿಯ ಸ್ವಂತ ಅಸ್ಥಿಮಜ್ಜೆಯನ್ನು ಔಷಧ ಕೊಟ್ಟು ನಾಶಮಾಡುತ್ತಾರೆ. ಆಮೇಲೆ ದಾನಿ ಹಿಂದೆ ಸರಿದರೆ ಆ ಜೀವ ಉಳಿಯುವುದು ಕಷ್ಟ. ಆದ್ದರಿಂದ ಈಗ ವಿಷಯ ಕಲಿಯಿರಿ, ಮನೆಯ ಹಿರಿಯರ ಹತ್ತಿರ ಮಾತಾಡಿ. 18 ಆದ ಮೇಲೆ ಯೋಚಿಸಿ ನಿರ್ಧರಿಸಿ.