ಗುಮಾಸ್ತನಿಗೆ ತಿಳಿಯದ ಕಾನೂನು

ಬೇರೆ ಕಾಲೇಜಿನಲ್ಲಿ ಸ್ಥಾನ ದೊರೆತ ವಿದ್ಯಾರ್ಥಿಯು ತನ್ನ ಮೂಲ ಅಂಕಪಟ್ಟಿಯನ್ನು ಮರಳಿ ಬೇಡಿದರೆ, "ಪೂರ್ಣ ಶುಲ್ಕ ಕಟ್ಟು, ಆಮೇಲೆ ನೋಡೋಣ" ಎಂಬ ಉತ್ತರವು ಪ್ರವೇಶದ ಕಿಟಕಿಯಿಂದ ಬರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇರುವರು. ಈ ಉತ್ತರವು ನಿಯಮಬಾಹಿರವಾದುದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರಕಟಣೆಯ ಮೇರೆಗೆ, ಮೂಲಪತ್ರಗಳನ್ನು ವಿದ್ಯಾರ್ಥಿಯ ಸಮಕ್ಷಮದಲ್ಲಿಯೇ ಪರಿಶೀಲಿಸಿ, ಆತನೇ ದೃಢೀಕರಿಸಿದ ನಕಲುಗಳನ್ನಿಟ್ಟುಕೊಂಡು, ಒಡನೆಯೇ ಹಿಂದಿರುಗಿಸತಕ್ಕದ್ದು. ವಿವರಪುಸ್ತಿಕೆಯನ್ನು ಕೊಳ್ಳಲೇಬೇಕೆಂದು ಒತ್ತಾಯಿಸಲೂ ಕೂಡದು.

1984ರಲ್ಲಿಯೇ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದ ನಮ್ಮ ನಾಡಿನಲ್ಲಿ ಕಾಯಿದೆಗಳಿಗೇನೂ ಬರಗಾಲವಿಲ್ಲ. ಪ್ರಕಟಣೆಯು ದಿಲ್ಲಿಯಿಂದ ಹೊರಟು ಪ್ರಿನ್ಸಿಪಾಲರ ಫೈಲಿನಲ್ಲಿ ಮಲಗುತ್ತದೆ. ಕಿಟಕಿಯ ಬಳಿ ಕುಳಿತ ಗುಮಾಸ್ತನಿಗೆ ಅದನ್ನು ಓದಿ ಹೇಳಿದವರಾರು? ಆತನು ದುಷ್ಟನಲ್ಲ, ಹಿಂದಿನವನು ಮಾಡಿದಂತೆ ತಾನೂ ಮಾಡುವನು. ಅಧ್ಯಾಪಕರ ಮಾತು ಬೇರೆ. ಪ್ರವೇಶ ಸಮಿತಿಯಲ್ಲಿ ಕುಳಿತು ಸಹಿ ಹಾಕುವ ವಿದ್ವಾಂಸರು, "ಅದು ಕಛೇರಿಯ ಕೆಲಸ" ಎಂದು ಕೈತೊಳೆದುಕೊಳ್ಳುವುದು ಅವರ ಪದವಿಗೆ ಶೋಭಿಸದು. ವಿದ್ಯಾರ್ಥಿಗೆ ಹಾಜರಿಯ ನಿಯಮವನ್ನು ಬೋಧಿಸುವವರು ತಮಗೆ ವಿಧಿಸಿದ ನಿಯಮವನ್ನು ಒಮ್ಮೆಯಾದರೂ ಓದಬೇಡವೇ?

ಪ್ರತಿವರ್ಷವೂ ಅರ್ಜಿಗಳನ್ನು ಹಂಚುವ ಮುನ್ನ, ಎರಡು ದಿನ ಗುಮಾಸ್ತರೂ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ಕುಳಿತು ಈ ನಿಯಮಗಳನ್ನು ಕನ್ನಡದಲ್ಲಿ ಓದಿ ಚರ್ಚಿಸುವುದು ಕಡ್ಡಾಯವಾಗಬೇಕು. ಅದಕ್ಕೆ ಬಾರದವರನ್ನು ಪ್ರವೇಶದ ಕೆಲಸಕ್ಕೆ ನೇಮಿಸಕೂಡದು. ಬರಿಯ ಸಹಿ ಪುಸ್ತಕವನ್ನು ತೋರಿಸಿ ಶಿಕ್ಷಣವಾಯಿತೆಂದು ವರದಿ ಬರೆಯುವ ಜಾಣತನವನ್ನು ನಾವು ಬಲ್ಲೆವು. ಎರಡನೆಯ ದಿನದ ಸಂಜೆಯೇ ಕಪಾಟಿನ ಬೀಗ ತೆಗೆದು, ಒಳಗಿರುವ ಮೂಲಪತ್ರಗಳನ್ನು ಅವರವರಿಗೆ ತಲುಪಿಸಲಿ.