ಔಷಧಕ್ಕೆ ಉಸಿರೇ ದಾರಿ

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ರಕ್ತ ಸೇರಿ, ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ದಾರಿ ಬಳಸಿನದಾದರೂ ಎಷ್ಟೋ ಸೋಂಕುಗಳಿಗೆ ಅಷ್ಟೇ ಸಾಕು. ಆದರೆ ಸೋಂಕು ಶ್ವಾಸನಾಳಗಳಲ್ಲೇ ವರ್ಷಗಟ್ಟಲೆ ಬೀಡುಬಿಟ್ಟಾಗ ಈ ದಾರಿ ಸಾಲದು. ಏಕೆ?

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯನ್ನು ನೋಡೋಣ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಯೂರೋಪ್ ಮೂಲದವರಲ್ಲಿ ಹೆಚ್ಚು, ಭಾರತದಲ್ಲೂ ಇದೆ. ಇಂಥ ಮಕ್ಕಳ ಶ್ವಾಸನಾಳದ ಲೋಳೆ ನೀರಿನಂಶ ಕಡಿಮೆಯಾಗಿ ಅಂಟಿನಂತಾಗುತ್ತದೆ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಿ, ತನ್ನ ಸುತ್ತ ರಕ್ಷಣೆಯ ಪೊರೆ ಕಟ್ಟಿಕೊಳ್ಳುತ್ತದೆ.

ರಕ್ತ ಹರಿಯುವುದು ನಾಳದ ಗೋಡೆಯಲ್ಲಿ. ಬ್ಯಾಕ್ಟೀರಿಯಾ ಇರುವುದು ನಾಳದೊಳಗಿನ ಲೋಳೆಯಲ್ಲಿ. ಟೋಬ್ರಾಮೈಸಿನ್ ಎಂಬ ಆ್ಯಂಟಿಬಯೋಟಿಕ್ಕನ್ನು ಇಂಜೆಕ್ಷನ್ ಕೊಟ್ಟರೆ ಲೋಳೆಗೆ ತಲಪುವುದು ಅಲ್ಪ ಪಾಲು. ಪ್ರಮಾಣ ಹೆಚ್ಚಿಸಿದರೆ ಮೂತ್ರಪಿಂಡಕ್ಕೂ ಕಿವಿಗೂ ಅಪಾಯ. ಶ್ವಾಸಕೋಶ ಉಳಿಸಲು ಹೋಗಿ ಮಗು ಕಿವುಡಾಗಬಾರದಲ್ಲ!

ಆದ್ದರಿಂದ ಔಷಧವನ್ನು ಉಸಿರಿನೊಡನೆಯೇ ಕಳಿಸುವ ಉಪಾಯ. ನೆಬ್ಯುಲೈಸರ್ ಎಂಬ ಉಪಕರಣ ದ್ರಾವಣವನ್ನು ಮಂಜಿನಂತೆ ಮಾಡುತ್ತದೆ. ಇಲ್ಲಿ ಹನಿಯ ಗಾತ್ರವೇ ಮುಖ್ಯ. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. 5 ಮೈಕ್ರಾನ್‌ಗಿಂತ ದೊಡ್ಡ ಹನಿಗಳಲ್ಲಿ ಹೆಚ್ಚಿನವು, ಘಟ್ಟದ ತಿರುವಿನಲ್ಲಿ ಹಿಡಿತ ತಪ್ಪಿದ ಲಾರಿಯಂತೆ, ಗಂಟಲಿನ ತಿರುವಿನಲ್ಲೇ ಬಡಿದು ನಿಲ್ಲುತ್ತವೆ. 1 ಮೈಕ್ರಾನ್‌ಗಿಂತ ಸಣ್ಣವು ಬಹುಪಾಲು ಉಸಿರಿನೊಡನೆ ಹೊರಬರುತ್ತವೆ. ಒಳನಾಳಗಳಲ್ಲಿ ಇಳಿದು ಕೂರುವುದು ಇವೆರಡರ ನಡುವಿನವು.

ಉಸಿರಿನ ಮೂಲಕ ಕೊಡುವ ಟೋಬ್ರಾಮೈಸಿನ್ ದ್ರಾವಣಕ್ಕೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ದೊರೆಯಿತು. ದಿನಕ್ಕೆ ಎರಡು ಬಾರಿ 300 ಮಿಲಿಗ್ರಾಂ. 28 ದಿನ ಔಷಧ, 28 ದಿನ ಬಿಡುವು. ಇದರಿಂದ ಕಫದಲ್ಲಿ ಔಷಧದ ಸಾಂದ್ರತೆ ಬಹಳ ಹೆಚ್ಚಿರುತ್ತದೆ, ರಕ್ತದಲ್ಲಿ ಅತ್ಯಲ್ಪ. ಕಾಯಿಲೆ ಬೇರುಸಹಿತ ಹೋಗದಿದ್ದರೂ ಸೋಂಕು ಹತೋಟಿಗೆ ಬರುತ್ತದೆ. ಕಿವಿ, ಮೂತ್ರಪಿಂಡಗಳಿಗೆ ಅಪಾಯವೂ ಕಡಿಮೆ.

ಆದರೆ ಗಾಳಿ ಹೋಗದ ಕಡೆಗೆ ಮಂಜೂ ಹೋಗದು. ಆದ್ದರಿಂದಲೇ ವೈದ್ಯರು ಮೊದಲು ಕಫ ಹೊರಹಾಕುವ ವ್ಯಾಯಾಮ ಮಾಡಿಸಿ, ಅನಂತರ ಔಷಧ ಕೊಡಿಸುತ್ತಾರೆ. ಇನ್ನೊಂದು ಕೆಲಸ ಮನೆಯವರದು. ಸ್ಯೂಡೋಮೊನಾಸ್‌ಗೆ ತೇವವೆಂದರೆ ಬಲು ಇಷ್ಟ. ಪ್ರತಿ ಬಾರಿಯೂ ನೆಬ್ಯುಲೈಸರಿನ ಬಟ್ಟಲನ್ನು ತೊಳೆದು, ವೈದ್ಯರು ಹೇಳಿದಂತೆ ಕುದಿಸಿ, ಚೆನ್ನಾಗಿ ಒಣಗಿಸಬೇಕು. ಇಲ್ಲವಾದರೆ ಔಷಧ ಹೋಗುವ ದಾರಿಯಲ್ಲೇ ರೋಗವೂ ಒಳಹೊಕ್ಕೀತು!