ಬಚ್ಚಲೊಲೆಯ ಹೊಗೆ ಯಾರ ಲೆಕ್ಕದಲ್ಲಿದೆ?

ಶ್ವಾಸಕೋಶದ ಆರೋಗ್ಯದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಬೀಡಿ–ಸಿಗರೇಟಿಗೆ, ಇಲ್ಲವೇ ಬೆಂಗಳೂರಿನ ವಾಹನಗಳ ಹೊಗೆಗೆ ಹೋಗಿ ನಿಲ್ಲುತ್ತದೆ. ಎರಡೂ ಗಂಭೀರವೇ. ಆದರೆ ಜೀವಮಾನದಲ್ಲಿ ಬೀಡಿ ಮುಟ್ಟದ, ಹಳ್ಳಿಯಲ್ಲೇ ಬಾಳಿದ ಹೆಂಗಸರು ಐವತ್ತು ದಾಟುತ್ತಲೇ ಏದುಸಿರು ಬಿಡುವುದೇಕೆ? ಕಾರಣ ಮನೆಯೊಳಗೇ ಉರಿಯುತ್ತಿದೆ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

2016ರಲ್ಲಿ ಶುರುವಾದ ಉಜ್ವಲಾ ಯೋಜನೆ 10 ಕೋಟಿಗೂ ಹೆಚ್ಚು ಮನೆಗಳಿಗೆ ಅಡುಗೆ ಅನಿಲ ತಲುಪಿಸಿತು. ಇದು ದೊಡ್ಡ ಕೆಲಸ, ಅಲ್ಲಗಳೆಯಲಾಗದು. ಆದರೆ 2022–23ರಲ್ಲಿ ಈ ಮನೆಗಳು ತುಂಬಿಸಿಕೊಂಡ ಸಿಲಿಂಡರ್ ವರ್ಷಕ್ಕೆ ಸರಾಸರಿ ನಾಲ್ಕಕ್ಕೂ ಕಡಿಮೆ. ಉಳಿದ ದಿನಗಳ ಅಡುಗೆ ಎಲ್ಲಿ ಬೆಂದಿತು ಎಂದು ಬಿಡಿಸಿ ಹೇಳಬೇಕಿಲ್ಲ. ಕೂಲಿಯ ದುಡ್ಡಿನಲ್ಲಿ ಮನೆ ನಡೆಸುವವರಿಗೆ ಒಂದೇ ಸಲಕ್ಕೆ ಸಿಲಿಂಡರಿನ ಹಣ ಹೊಂದಿಸುವುದು ಕಷ್ಟ. ಹಿತ್ತಲಿನ ಸೌದೆ ಬಿಟ್ಟಿ.

ಅಡುಗೆ ಪೂರ್ತಿ ಗ್ಯಾಸಿಗೆ ಬದಲಾದ ಮನೆಯಲ್ಲೂ ಬಚ್ಚಲ ಒಲೆ ಹಾಗೇ ಉಳಿದಿರುತ್ತದೆ. ಮಲೆನಾಡು, ಕರಾವಳಿಯ ಹಳ್ಳಿಗಳಿಗೆ ಬೆಳಿಗ್ಗೆ ಹೋಗಿ ನೋಡಿ. ಹಂಡೆಯಡಿ ತೆಂಗಿನ ಸೋಗೆ, ಕಾಯಿಸಿಪ್ಪೆ, ಮಳೆಗಾಲದಲ್ಲಿ ಒದ್ದೆ ಸೌದೆ. ಬೆಂಕಿ ಹತ್ತಲಿಲ್ಲವೆಂದು ಹಾಲಿನ ಪ್ಲಾಸ್ಟಿಕ್ ಕವರು. ಹೊಗೆ ಹೋಗಲು ಒಂದು ಗವಾಕ್ಷಿ, ಅದಕ್ಕೂ ಮಸಿ. ಊದುಗೊಳವೆ ಹಿಡಿದ ಹೆಂಗಸು ಒಲೆಯ ಬಾಯಿಗೆ ಮುಖ ಕೊಟ್ಟು ಊದುತ್ತಾಳೆ. ಊದಿದ್ದಕ್ಕಿಂತ ಒಳಗೆಳೆದುಕೊಳ್ಳುವ ಹೊಗೆಯೇ ಹೆಚ್ಚು. ಮನೆಮಂದಿಯ ಸ್ನಾನ ಮುಗಿಯುವವರೆಗೂ ಆ ಒಲೆ ಆರುವುದಿಲ್ಲ. ಗ್ಯಾಸ್ ಸಂಪರ್ಕದ ಅಂಕಿಅಂಶ ಈ ಒಲೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಹೊಗೆಯಲ್ಲಿರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಮೂಗಿನ ಕೂದಲಾಗಲಿ ಲೋಳೆಯಾಗಲಿ ಪೂರ್ತಿ ತಡೆಯಲಾರವು. ಅವು ಗಾಳಿಗೂಡುಗಳವರೆಗೆ ಇಳಿಯುತ್ತವೆ. ಶ್ವಾಸನಾಳದ ಒಳಗೋಡೆಯ ರೋಮಗಳು ಕಫವನ್ನು ಮೇಲಕ್ಕೆ ತಳ್ಳಿ ಸ್ವಚ್ಛ ಮಾಡುತ್ತಿರುತ್ತವೆ. ವರ್ಷಗಟ್ಟಲೆ ಹೊಗೆ ಕುಡಿದರೆ ಅವು ಸೋಲುತ್ತವೆ. ನಾಳಗಳು ಊದಿಕೊಂಡು ಕಿರಿದಾಗುತ್ತವೆ, ಗಾಳಿಗೂಡುಗಳ ಗೋಡೆ ಹರಿಯುತ್ತದೆ. ವೈದ್ಯರು ಸಿಒಪಿಡಿ ಎನ್ನುವುದು ಇದಕ್ಕೇ. ಹರಿದ ಗೂಡು ಮತ್ತೆ ಕೂಡುವುದಿಲ್ಲ, ಹಾನಿ ಮುಂದುವರಿಯದಂತೆ ತಡೆಯಬಹುದಷ್ಟೆ.

ಕಾಯಿಲೆ ಪತ್ತೆಯಾಗುವುದಾದರೂ ಯಾವಾಗ? ವರ್ಷಗಳ ಕಾಲ ಅದಕ್ಕೆ ‘ಥಂಡಿ’, ‘ದಮ್ಮು’, ‘ವಯಸ್ಸಾಯ್ತಲ್ಲ’ ಎಂಬ ಹೆಸರು. ಕೆಮ್ಮಿನ ಸಿರಪ್ಪು, ಒಂದು ಇಂಜೆಕ್ಷನ್. ಕೊಳವೆಗೆ ಜೋರಾಗಿ ಊದಿಸಿ ಉಸಿರಿನ ವೇಗ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಯಿಲ್ಲದೆ ಸಿಒಪಿಡಿ ಖಚಿತವಾಗದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ನೋಡುವಷ್ಟು ಸಲೀಸಾಗಿ ಈ ಪರೀಕ್ಷೆ ಸಿಗುವುದಿಲ್ಲ. ಇನ್‌ಹೇಲರ್ ಬರೆದುಕೊಟ್ಟರೆ ಮತ್ತೊಂದು ಅಡ್ಡಿ: ‘ಪಂಪು ಹಿಡಿದರೆ ಬಿಡೋಕಾಗಲ್ಲ’ ಎಂಬ ಭಯ. ಈ ಭಯ ತಪ್ಪು. ಮಾತ್ರೆಗಿಂತ ಕಡಿಮೆ ಔಷಧ ನೇರ ಶ್ವಾಸನಾಳಕ್ಕೇ ತಲುಪುತ್ತದೆ, ಚಟ ಹತ್ತಿಸುವುದಿಲ್ಲ.

ಪರಿಹಾರ ಹೊಸದಾಗಿ ಹುಡುಕಬೇಕಾದದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ಚಿಮಣಿಯುಳ್ಳ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ಇದೇ ರಾಜ್ಯದ ಹಳ್ಳಿಗಳಿಗೆ ಕೊಟ್ಟಿತ್ತು. ಆದರೆ ಇಂಥ ಒಲೆ ಕಟ್ಟಿಸಿದಷ್ಟೇ ಉಮೇದಿನಿಂದ ಚಿಮಣಿಯ ಮಸಿ ತೆಗೆಸುವ, ಬಿರುಕು ಮೆತ್ತಿಸುವ ವ್ಯವಸ್ಥೆ ಬೆಳೆಯಲಿಲ್ಲ. ಕಟ್ಟಿದ ಒಲೆಗಳ ಸಂಖ್ಯೆ ವರದಿಗೆ ಸಾಕಾಯಿತು. ಸಿಲಿಂಡರಿನ ವಿಷಯದಲ್ಲಿ ಅದೇ ತಪ್ಪು ಮರುಕಳಿಸುತ್ತಿದೆ.

ಸರ್ಕಾರ ಸಬ್ಸಿಡಿಯನ್ನು ಸಂಪರ್ಕದ ಬದಲು ಮರುಭರ್ತಿಗೆ ಬಿಗಿಯಾಗಿ ಜೋಡಿಸಬೇಕು, ನೀರು ಕಾಯಿಸುವ ಒಲೆಯನ್ನೂ ಯೋಜನೆಯೊಳಗೆ ತರಬೇಕು. ನಗರದ ಮನೆಗಳ ತಾರಸಿ ಮೇಲಿರುವ ಸೋಲಾರ್ ಹೀಟರಿಗೆ ಹಳ್ಳಿಯ ಬಡಮನೆಯೂ ಅರ್ಹ. ತಾಲ್ಲೂಕು ಆಸ್ಪತ್ರೆಯಲ್ಲಾದರೂ ಸ್ಪೈರೊಮೀಟರ್ ಮತ್ತು ಅದನ್ನು ಬಳಸಬಲ್ಲ ಸಿಬ್ಬಂದಿ ಇರಲಿ.

ಅಷ್ಟಾಗುವವರೆಗೆ ಓದುಗರು ಮಾಡಬಹುದಾದದ್ದಿದೆ. ಒಲೆ ಮುಂದೆ ವರ್ಷಾನುಗಟ್ಟಲೆ ಕೂತ ನಿಮ್ಮ ತಾಯಿಗೋ ಅಜ್ಜಿಗೋ ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿದ್ದರೆ, ಈ ತಿಂಗಳೇ ಕರೆದೊಯ್ದು ಸ್ಪೈರೊಮೆಟ್ರಿ ಮಾಡಿಸಿ.